ಬಡಿತಗಳ ನಡುವಿನ ಬಿಡುವು: ಓಟಗಾರರಿಗೊಂದು ಎಚ್‌ಆರ್‌ವಿ ಮಾರ್ಗದರ್ಶಿ

ಬೆಳಿಗ್ಗೆ ಎದ್ದು ಹಾಸಿಗೆಯ ಮೇಲೆಯೇ ಕುಳಿತು, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹಿಡಿದು, ನಿಧಾನವಾಗಿ ಉಸಿರನ್ನು ಒಳಗೆಳೆದು ಅಷ್ಟೇ ನಿಧಾನವಾಗಿ ಬಿಟ್ಟು ನೋಡಿ. ಉಸಿರು ಒಳಗೆ ಹೋಗುವಾಗ ನಾಡಿ ತುಸು ಚುರುಕಾಗುವುದೂ, ಹೊರಬರುವಾಗ ಬಡಿತಗಳ ನಡುವಿನ ಬಿಡುವು ಹಿಗ್ಗುವುದೂ ಬೆರಳಿಗೇ ತಿಳಿಯುತ್ತದೆ. ಈ ಹಿಗ್ಗುಕುಗ್ಗನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಹಿಡಿದುಕೊಡುವ ಅಂಕಿಯೇ ಹಾರ್ಟ್ ರೇಟ್ ವೇರಿಯಬಿಲಿಟಿ, ಅಂದರೆ ಎಚ್‌ಆರ್‌ವಿ. ಈಗ ಕೈಗಡಿಯಾರ, ಉಂಗುರ, ಫೋನ್ ಎಲ್ಲವೂ ಇದನ್ನು ತೋರಿಸುತ್ತವೆ. ಆದರೆ ಆ ಅಂಕಿಯನ್ನು ನೋಡಿ ಇಂದು ಓಡಬೇಕೋ ಬೇಡವೋ ಎಂದು ತೀರ್ಮಾನಿಸುವ ಬಹುಪಾಲು ಜನರಿಗೆ ಅದನ್ನು ಓದುವ ಕ್ರಮವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ನನಗೂ ಮೊದಲ ವರ್ಷ ಅದು ತಿಳಿದಿರಲಿಲ್ಲ. ಅಂಕಿ ಇಳಿದ ದಿನವೆಲ್ಲ ಓಟ ಬಿಟ್ಟು, ಏರಿದ ದಿನವೆಲ್ಲ ಮೈಮುರಿದು ಓಡಿ, ಕೊನೆಗೆ ಮೊಣಕಾಲು ನೋವು ತಂದುಕೊಂಡೆ.

ಅಂಕಿಯ ಹಿಂದಿರುವ ದೇಹವ್ಯಾಪಾರವನ್ನು ಮೊದಲು ತಿಳಿದುಕೊಳ್ಳೋಣ. ಹೃದಯಕ್ಕೆ ತನ್ನದೇ ಲಯವಿದ್ದರೂ ಅದರ ಮೇಲೆ ಎರಡು ನರಜಾಲಗಳ ಹಿಡಿತವಿದೆ. ಸಿಂಪಥೆಟಿಕ್ ನರಜಾಲ ಬಡಿತವನ್ನು ಏರಿಸುತ್ತದೆ. ಪ್ಯಾರಾಸಿಂಪಥೆಟಿಕ್ ನರಜಾಲ, ಮುಖ್ಯವಾಗಿ ವೇಗಸ್ ನರದ ಮೂಲಕ, ಬ್ರೇಕ್ ಒತ್ತಿದಂತೆ ಅದನ್ನು ಇಳಿಸುತ್ತದೆ. ವೇಗಸ್ ನರದ ಸಂದೇಶ ಒಂದೆರಡು ಬಡಿತಗಳೊಳಗೇ ಕೆಲಸ ಮಾಡುವುದರಿಂದ ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಕಾಣುವ ವ್ಯತ್ಯಾಸ ಬಹುತೇಕ ಅದರದೇ ಕೈವಾಡ. ನಿದ್ದೆಗೆಟ್ಟಾಗ, ಹಿಂದಿನ ದಿನದ ಕಠಿಣ ಅಭ್ಯಾಸದಿಂದ ದೇಹ ಇನ್ನೂ ಚೇತರಿಸಿಕೊಳ್ಳದಿದ್ದಾಗ, ಜ್ವರ ಒಳಗೊಳಗೇ ಶುರುವಾಗುತ್ತಿರುವಾಗ, ಮನಸ್ಸಿಗೆ ಚಿಂತೆ ಹತ್ತಿದಾಗ ಈ ಬ್ರೇಕಿನ ಹಿಡಿತ ಸಡಿಲಾಗಿ ಬಡಿತಗಳು ಹೆಚ್ಚು ಸಮಸಮವಾಗುತ್ತವೆ, ಎಚ್‌ಆರ್‌ವಿ ಇಳಿಯುತ್ತದೆ. ಕಾರಣ ಯಾವುದೆಂದು ಮಾತ್ರ ಅಂಕಿ ಹೇಳುವುದಿಲ್ಲ; ಅದನ್ನು ಹುಡುಕಬೇಕಾದವರು ನಾವು.

ಈ ಅಳತೆ ಕ್ರೀಡೆಯಲ್ಲಿ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಸೋವಿಯತ್ ಬಾಹ್ಯಾಕಾಶ ವೈದ್ಯವಿಜ್ಞಾನಿ ರೋಮನ್ ಬಾಯೆವ್‌ಸ್ಕಿ ಗಗನಯಾತ್ರಿಗಳ ದೇಹದ ಒತ್ತಡವನ್ನು ತಿಳಿಯಲು ಇದನ್ನು ಬಳಸಿದರು. ಅದೇ ದಶಕದಲ್ಲಿ, ಗರ್ಭಸ್ಥ ಶಿಶು ಅಪಾಯಕ್ಕೆ ಸಿಲುಕಿದಾಗ ಬಡಿತದ ವೇಗ ಬದಲಾಗುವ ಮೊದಲೇ ಬಡಿತಗಳ ನಡುವಿನ ಅಂತರ ಬದಲಾಗುವುದನ್ನು ಹಾನ್ ಮತ್ತು ಲೀ ಎಂಬ ವೈದ್ಯರು ಗುರುತಿಸಿದರು. ಅಳತೆಯ ಮಾನದಂಡಗಳನ್ನು ಯುರೋಪ್ ಮತ್ತು ಉತ್ತರ ಅಮೆರಿಕದ ಹೃದಯತಜ್ಞರ ಸಂಘಗಳು ಸೇರಿ 1996ರಲ್ಲಿ ಪ್ರಕಟಿಸಿದವು. ಓಟಗಾರರಿಗೆ ಮುಖ್ಯವಾದ ಪ್ರಯೋಗ ಬಂದದ್ದು 2007ರಲ್ಲಿ, ಫಿನ್ಲೆಂಡಿನಿಂದ. ಆಂಟಿ ಕಿವಿನಿಯೆಮಿ ಮತ್ತು ಸಂಗಡಿಗರು ಸಾಧಾರಣ ಕಸುವಿನ 26 ಪುರುಷರನ್ನು ತೆಗೆದುಕೊಂಡು, ಒಂದು ಗುಂಪಿಗೆ ಮೊದಲೇ ಬರೆದ ವೇಳಾಪಟ್ಟಿಯನ್ನೂ ಇನ್ನೊಂದಕ್ಕೆ ಬೆಳಗಿನ ಎಚ್‌ಆರ್‌ವಿ ನೋಡಿ ಅಂದಂದಿಗೆ ನಿರ್ಧರಿಸಿದ ಅಭ್ಯಾಸವನ್ನೂ ನಾಲ್ಕು ವಾರ ಕೊಟ್ಟು, ಮೂರನೆಯ ಗುಂಪನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟರು. ಅಂಕಿ ನೋಡಿ ಓಡಿದವರ ಗರಿಷ್ಠ ಓಟದ ವೇಗ ವೇಳಾಪಟ್ಟಿಯವರಿಗಿಂತ ಹೆಚ್ಚು ಸುಧಾರಿಸಿತ್ತು. 2016ರಲ್ಲಿ ಫಿನ್ಲೆಂಡಿನವರೇ ಹವ್ಯಾಸಿ ಓಟಗಾರರ ಮೇಲೆ ನಡೆಸಿದ ಮತ್ತೊಂದು ಪ್ರಯೋಗದಲ್ಲಿ, ಅಂಕಿಯನ್ನು ಅನುಸರಿಸಿದವರು ಕಠಿಣ ಅಭ್ಯಾಸಗಳನ್ನು ಕಡಿಮೆ ಮಾಡಿಯೂ 3000 ಮೀಟರ್ ಓಟದಲ್ಲಿ ಮುಂದೆ ಬಂದರು. ಇವು ಸಣ್ಣ ಪ್ರಯೋಗಗಳು, ಪವಾಡವನ್ನೇನೂ ತೋರಿಸಿಲ್ಲ. ನನ್ನ ದೃಷ್ಟಿಯಲ್ಲಿ ಇವುಗಳಿಂದ ಸಿಗುವ ಪಾಠ ಒಂದೇ: ಕಠಿಣ ಅಭ್ಯಾಸವನ್ನು ಎಷ್ಟು ಮಾಡಿದೆವು ಎಂಬುದಕ್ಕಿಂತ, ದೇಹ ಅದನ್ನು ಅರಗಿಸಿಕೊಳ್ಳಬಲ್ಲ ದಿನ ಮಾಡಿದೆವೇ ಎಂಬುದು ಹೆಚ್ಚು ಮುಖ್ಯ.

ಮೊದಲ ಹೆಜ್ಜೆ: ಯಾವ ಸಾಧನ

ಎದೆಗೆ ಕಟ್ಟುವ ಪಟ್ಟಿ, ಬೆರಳಿಟ್ಟರೆ ಅಳೆಯುವ ಫೋನಿನ ಕ್ಯಾಮೆರಾ, ರಾತ್ರಿಯಿಡೀ ಧರಿಸುವ ವಾಚು ಅಥವಾ ಉಂಗುರ ಎಂಬ ಮೂರು ದಾರಿಗಳಿವೆ. ಎದೆಪಟ್ಟಿ ಇಸಿಜಿಯಂತೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ; ಆ ಸಂಕೇತದ ತುದಿ ಸೂಜಿಯ ಮೊನೆಯಂತಿರುವುದರಿಂದ ಬಡಿತದ ಕ್ಷಣವನ್ನು ಮಿಲಿಸೆಕೆಂಡ್ ಮಟ್ಟದಲ್ಲಿ ಗುರುತಿಸಬಹುದು. ವಾಚು, ಉಂಗುರ ಮತ್ತು ಫೋನು ಚರ್ಮದೊಳಕ್ಕೆ ಬೆಳಕು ಬಿಟ್ಟು ರಕ್ತದ ಅಲೆಯನ್ನು ನೋಡುತ್ತವೆ. ಆ ಅಲೆಯ ನೆತ್ತಿ ದುಂಡಗಿರುವುದರಿಂದ ತುದಿ ಎಲ್ಲಿದೆ ಎಂದು ಹೇಳುವುದು ಕಷ್ಟ; ಕೈ ಅಲುಗಿದರೆ ಅಥವಾ ಬೆರಳು ತಣ್ಣಗಿದ್ದರೆ ಇನ್ನೂ ಕಷ್ಟ. ಅಲುಗಾಡದೆ ಕುಳಿತಾಗ ಅಥವಾ ನಿದ್ದೆಯಲ್ಲಿ ಇವೂ ಸಾಕಷ್ಟು ಸರಿಯಾದ ಅಂಕಿಯನ್ನೇ ಕೊಡುತ್ತವೆ ಎಂಬುದನ್ನು ಒಪ್ಪಬೇಕು. ಓಡುತ್ತಿರುವಾಗ ಕೈಗಡಿಯಾರ ತೋರಿಸುವ ಎಚ್‌ಆರ್‌ವಿಯನ್ನು ಮಾತ್ರ ಮರೆತುಬಿಡಿ.

ಎದೆಪಟ್ಟಿ ಕೊಳ್ಳುವುದಾದರೆ ಅದು ಸರಾಸರಿ ಬಡಿತವನ್ನಷ್ಟೇ ಅಲ್ಲದೆ ಪ್ರತಿ ಬಡಿತದ ಅಂತರವನ್ನೂ, ಅಂದರೆ ಆರ್‌ಆರ್ ಇಂಟರ್ವಲ್ಲನ್ನೂ, ಬ್ಲೂಟೂತ್ ಮೂಲಕ ಕಳುಹಿಸುತ್ತದೆಯೇ ಎಂದು ವಿಚಾರಿಸಿ. ಪೋಲಾರ್ ಎಚ್10 ಇದನ್ನು ಕಳುಹಿಸುತ್ತದೆ. ಅಗ್ಗದ ಕೆಲವು ಪಟ್ಟಿಗಳು ಕಳುಹಿಸುವುದಿಲ್ಲ, ಅವು ಈ ಕೆಲಸಕ್ಕೆ ಉಪಯೋಗವಿಲ್ಲ. ಒಮ್ಮೆ ಆರಿಸಿಕೊಂಡ ಸಾಧನವನ್ನು ಬದಲಾಯಿಸದಿರುವುದು ಸಾಧನ ಯಾವುದೆಂಬುದಕ್ಕಿಂತ ಮುಖ್ಯ. ರಾತ್ರಿಯ ಉಂಗುರದ ಅಂಕಿಗೂ ಬೆಳಗಿನ ಪಟ್ಟಿಯ ಅಂಕಿಗೂ ತಾಳೆ ಹಾಕಲು ಹೊರಟರೆ ತಲೆ ಕೆಡುವುದೇ ಲಾಭ.

ಎರಡನೆಯ ಹೆಜ್ಜೆ: ಬೆಳಗಿನ ಮೂರು ನಿಮಿಷ

ಎದ್ದ ಕೂಡಲೇ ಮೂತ್ರ ವಿಸರ್ಜಿಸಿ ಬನ್ನಿ. ತುಂಬಿದ ಮೂತ್ರಕೋಶವೂ ಅಂಕಿಯನ್ನು ಕದಲಿಸುತ್ತದೆ. ಕಾಫಿ ಆಮೇಲೆ, ವಾಟ್ಸಾಪ್ ಅದಕ್ಕೂ ಆಮೇಲೆ. ಪಟ್ಟಿಯ ಒಳಮೈಯಲ್ಲಿರುವ ಎರಡು ರಬ್ಬರಿನ ಭಾಗಗಳನ್ನು ನೀರಿನಿಂದ ಚೆನ್ನಾಗಿ ಒದ್ದೆ ಮಾಡಿ, ಎದೆಮೂಳೆಯ ಕೆಳತುದಿಯ ಮಟ್ಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕುಳಿತು, ಪಾದಗಳನ್ನು ನೆಲಕ್ಕೂರಿ, ಒಂದು ನಿಮಿಷ ಸುಮ್ಮನಿರಿ. ಅನಂತರ ಆ್ಯಪ್‌ನಲ್ಲಿ ಅಳತೆ ಶುರುಮಾಡಿ ಒಂದರಿಂದ ಎರಡು ನಿಮಿಷ, ಮಾತಾಡದೆ, ನುಂಗದೆ, ಉಸಿರನ್ನು ಅದರ ಪಾಡಿಗೆ ಬಿಟ್ಟು ಕುಳಿತುಕೊಳ್ಳಿ. ಪ್ರಾಣಾಯಾಮ ಮಾಡುವವರು ಇಲ್ಲಿ ಎಚ್ಚರ ವಹಿಸಬೇಕು: ನಿಮಿಷಕ್ಕೆ ಆರು ಉಸಿರಿನಂತೆ ನಿಧಾನವಾಗಿ ಉಸಿರಾಡಿದರೆ ಬಡಿತಗಳ ಹಿಗ್ಗುಕುಗ್ಗು ತಾನಾಗಿಯೇ ದೊಡ್ಡದಾಗುತ್ತದೆ. ನಿತ್ಯ ಒಂದೇ ತೆರನಾಗಿ ಉಸಿರಾಡುವುದಿದ್ದರೆ ಅದು ನಡೆದೀತು, ಒಂದು ದಿನ ಹಾಗೆ ಒಂದು ದಿನ ಹೀಗೆ ಎಂದಾಗಬಾರದು.

ಮಲಗಿಯೇ ಅಳೆಯಬಹುದಲ್ಲ ಎಂದು ಹಲವರು ಕೇಳುತ್ತಾರೆ. ವಿಶ್ರಾಂತಿಯಲ್ಲಿ ಬಡಿತ 50ಕ್ಕಿಂತ ಕೆಳಗಿರುವ ಪಳಗಿದ ಓಟಗಾರರಲ್ಲಿ ಮಲಗಿದಾಗ ವೇಗಸ್ ನರದ ಒತ್ತು ಎಷ್ಟು ಹೆಚ್ಚಿರಬಹುದೆಂದರೆ ಹೃದಯದ ಸ್ಪಂದನೆ ತುಂಬಿ ನಿಂತಂತಾಗಿ, ಉಸಿರಿನೊಡನೆ ಆಗಬೇಕಾದ ಏರಿಳಿತವೇ ಕುಗ್ಗಿ, ದೇಹ ಚೆನ್ನಾಗಿದ್ದರೂ ಅಂಕಿ ಕಡಿಮೆ ಕಾಣಬಹುದು. ಕುಳಿತು ಅಥವಾ ನಿಂತು ಅಳೆದರೆ ಈ ತೊಡಕು ಬಹಳ ಮಟ್ಟಿಗೆ ತಪ್ಪುತ್ತದೆ. ಆದ್ದರಿಂದ ನಾನು ಕುಳಿತೇ ಅಳೆಯುತ್ತೇನೆ.

ಪಟ್ಟಿಯ ತೇವದ ಬಗ್ಗೆ ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೆಂಗಳೂರಿನ ಫೆಬ್ರವರಿಯ ಒಣಹವೆಯಲ್ಲಿ ಒಂದು ಬೆಳಿಗ್ಗೆ ನನ್ನ ಅಂಕಿ ಸುಮಾರು 50ರಿಂದ ಒಮ್ಮೆಗೇ 190ಕ್ಕೆ ಜಿಗಿದಿತ್ತು. ಆ್ಯಪ್ ಹಸಿರು ದೀಪ ತೋರಿಸಿ ಕಠಿಣ ಅಭ್ಯಾಸಕ್ಕೆ ಹುರಿದುಂಬಿಸಿತು. ಪಟ್ಟಿಯನ್ನು ಮತ್ತೆ ಒದ್ದೆ ಮಾಡಿ ಅಳೆದಾಗ 47. ಒಣಗಿದ ಚರ್ಮದ ಮೇಲೆ ಪಟ್ಟಿಗೆ ಒಂದು ಬಡಿತ ತಪ್ಪಿಹೋಗಿತ್ತು, ಅಷ್ಟೆ. ಒಂದು ಬಡಿತ ತಪ್ಪಿದರೆ ಇಷ್ಟೊಂದು ವ್ಯತ್ಯಾಸವೇಕೆ ಎಂಬುದು ಲೆಕ್ಕ ಮಾಡಿದರೆ ಗೊತ್ತಾಗುತ್ತದೆ.

ಮೂರನೆಯ ಹೆಜ್ಜೆ: ಅಂಕಿಯನ್ನು ಬಿಡಿಸಿ ನೋಡುವುದು

ಆರು ಬಿಡುವುಗಳನ್ನು ತೆಗೆದುಕೊಳ್ಳೋಣ: 1010, 1055, 990, 1040, 1020, 1060 ಮಿಲಿಸೆಕೆಂಡ್. ಸರಾಸರಿ ತೆಗೆದರೆ ಬಡಿತ ನಿಮಿಷಕ್ಕೆ ಸುಮಾರು 58. ಒಂದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸಗಳು 45, 65, 50, 20, 40. ಇವುಗಳ ವರ್ಗ ಮಾಡಿ ಕೂಡಿದರೆ 10750. ಐದರಿಂದ ಭಾಗಿಸಿದರೆ 2150. ಅದರ ವರ್ಗಮೂಲ ಸುಮಾರು 46 ಮಿಲಿಸೆಕೆಂಡ್. ಇದೇ ಆರ್‌ಎಂಎಸ್‌ಎಸ್‌ಡಿ. ವೇಗಸ್ ನರದ ಕೆಲಸವನ್ನು ಚೆನ್ನಾಗಿ ತೋರಿಸುವುದರಿಂದಲೂ ಒಂದು ನಿಮಿಷದ ಅಳತೆಯಲ್ಲೇ ನೆಚ್ಚಬಹುದಾದಷ್ಟು ಸ್ಥಿರವಾಗಿರುವುದರಿಂದಲೂ ಕ್ರೀಡಾ ತರಬೇತಿಯಲ್ಲಿ ಬಳಕೆಯಾಗುವುದು ಹೆಚ್ಚಾಗಿ ಇದೇ. ಇಲ್ಲಿ ವ್ಯತ್ಯಾಸಗಳ ವರ್ಗ ಮಾಡುವುದನ್ನು ಗಮನಿಸಿ. ಒಂದು ಬಡಿತ ತಪ್ಪಿ 1040 ಮತ್ತು 1020 ಸೇರಿ 2060 ಎಂದು ದಾಖಲಾದರೆ, ಸಾವಿರದ ಆಸುಪಾಸಿನ ಎರಡು ವ್ಯತ್ಯಾಸಗಳು ಹುಟ್ಟಿ, ಅವುಗಳ ವರ್ಗ ಹತ್ತು ಲಕ್ಷ ದಾಟುತ್ತದೆ. 60 ಬಡಿತಗಳ ಅಳತೆಯಲ್ಲಿ ಇಂಥ ಒಂದೇ ತಪ್ಪು ನುಸುಳಿದರೂ 46 ಇರಬೇಕಾದ ಅಂಕಿ 200ರ ಹತ್ತಿರ ಹೋಗುತ್ತದೆ. ಒಳ್ಳೆಯ ಆ್ಯಪ್‌ಗಳು ಇಂಥವನ್ನು ಸೋಸಿ ತೆಗೆಯುತ್ತವೆ, ಎಲ್ಲವನ್ನೂ ಅಲ್ಲ. ಹಿಂದೆಂದೂ ಕಾಣದಷ್ಟು ಎತ್ತರದ ಅಂಕಿ ಬಂದರೆ ಮೊದಲು ಪಟ್ಟಿಯನ್ನೂ ಅದರ ಸೆಲ್ಲನ್ನೂ ಅನುಮಾನಿಸಬೇಕು.

ಅವೇ ಆರು ಬಿಡುವುಗಳಿಂದ, ಬಿಡುವುಗಳು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಎಸ್‌ಡಿಎನ್‌ಎನ್ ಎಂಬ ಇನ್ನೊಂದು ಅಳತೆ ತೆಗೆದರೆ ಸುಮಾರು 27 ಬರುತ್ತದೆ. ಆಪಲ್ ವಾಚು ತನ್ನ ಹೆಲ್ತ್ ಆ್ಯಪ್‌ನಲ್ಲಿ ತೋರಿಸುವುದು ಎಸ್‌ಡಿಎನ್‌ಎನ್; ಉಂಗುರಗಳು ಮತ್ತು ಹಲವು ಆ್ಯಪ್‌ಗಳು ತೋರಿಸುವುದು ಆರ್‌ಎಂಎಸ್‌ಎಸ್‌ಡಿ; ಇನ್ನು ಕೆಲವು ಅದರ ಲಾಗರಿದಮ್ ತೆಗೆದು ನೂರರ ಅಳತೆಗೆ ಹಿಗ್ಗಿಸಿ ತೋರಿಸುತ್ತವೆ. ಬಡಿತಗಳು ಅವೇ ಆಗಿದ್ದರೂ ಅಂಕಿ ಬೇರೆಬೇರೆ. ಕಬ್ಬನ್ ಪಾರ್ಕಿನಲ್ಲಿ ಭಾನುವಾರದ ಓಟ ಮುಗಿಸಿ ಕಾಫಿಗೆ ನಿಂತವರು “ನಿನ್ನದೆಷ್ಟು, ನನ್ನದೆಷ್ಟು” ಎಂದು ಹೋಲಿಸಿಕೊಳ್ಳುವುದನ್ನು ಕೇಳುತ್ತಿರುತ್ತೇನೆ. ಸಾಧನದ ಮಾತು ಒತ್ತಟ್ಟಿಗಿರಲಿ, ವಯಸ್ಸು ಮತ್ತು ಹುಟ್ಟುಗುಣದಿಂದಲೇ ಇಬ್ಬರ ನಡುವೆ ಎರಡು ಮೂರು ಪಟ್ಟು ವ್ಯತ್ಯಾಸವಿರುವುದು ಸಹಜ. 30 ಇರುವವರು 90 ಇರುವವರನ್ನು ಹಿಂದಿಕ್ಕಿ ಓಡುವುದರಲ್ಲಿ ಆಶ್ಚರ್ಯವೇನಿಲ್ಲ.

ನಾಲ್ಕನೆಯ ಹೆಜ್ಜೆ: ನಿಮ್ಮದೇ ಗಡಿಗಳನ್ನು ಕಟ್ಟಿಕೊಳ್ಳುವುದು

ಮೊದಲ ಮೂರು ವಾರ ಅಂಕಿಯನ್ನು ದಾಖಲಿಸಿ, ಅದನ್ನು ನೋಡಿ ಏನನ್ನೂ ಬದಲಾಯಿಸಬೇಡಿ. ಸಾಧ್ಯವಿದ್ದರೆ ಎರಡು ತಿಂಗಳ ದಾಖಲೆ ಇನ್ನೂ ಒಳ್ಳೆಯದು. ಆ್ಯಪ್ ತಾನೇ ಗಡಿ ಹಾಕಿ ಕೊಡುತ್ತದೆಯಾದರೂ ಒಮ್ಮೆಯಾದರೂ ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಒಂದು ಕಾಲಮ್‌ನಲ್ಲಿ ದಿನಾಂಕ, ಇನ್ನೊಂದರಲ್ಲಿ ಆರ್‌ಎಂಎಸ್‌ಎಸ್‌ಡಿ, ಮೂರನೆಯದರಲ್ಲಿ ಅದರ ನ್ಯಾಚುರಲ್ ಲಾಗರಿದಮ್ ಬರೆಯಿರಿ. ಲಾಗರಿದಮ್ ತೆಗೆಯುವುದರಿಂದ ಅಪರೂಪಕ್ಕೆ ಬರುವ ಭಾರಿ ಅಂಕಿಗಳು ಸರಾಸರಿಯನ್ನು ಎಳೆದಾಡುವುದು ತಪ್ಪುತ್ತದೆ. ಬಳಿಕ ಅಷ್ಟೂ ದಿನಗಳ ಲಾಗರಿದಮ್‌ಗಳ ಸರಾಸರಿಯನ್ನೂ ಸ್ಟ್ಯಾಂಡರ್ಡ್ ಡೀವಿಯೇಶನ್ನನ್ನೂ, ಅಂದರೆ ಅವು ಸರಾಸರಿಯಿಂದ ಚದುರಿರುವ ಪ್ರಮಾಣವನ್ನೂ, ತೆಗೆಯಿರಿ. ಸರಾಸರಿ 3.90, ಡೀವಿಯೇಶನ್ 0.16 ಬಂತೆನ್ನಿ. ಡೀವಿಯೇಶನ್ನಿನ ಅರ್ಧ, ಅಂದರೆ 0.08ನ್ನು ಸರಾಸರಿಯಿಂದ ಕಳೆದು ಮತ್ತು ಕೂಡಿದರೆ 3.82 ಮತ್ತು 3.98 ಸಿಗುತ್ತವೆ, ಮಿಲಿಸೆಕೆಂಡಿಗೆ ತಿರುಗಿಸಿದರೆ ಹೆಚ್ಚುಕಡಿಮೆ 46ರಿಂದ 54. ಈ ಗಡಿಗಳ ಒಳಗಿನ ಏರಿಳಿತಕ್ಕೆ ಅರ್ಥ ಹುಡುಕಬೇಕಾಗಿಲ್ಲ.

ಇದರ ಪಕ್ಕದಲ್ಲಿ ಕಳೆದ ಏಳು ದಿನಗಳ ಸರಾಸರಿಯ ಕಾಲಮ್ ಒಂದಿರಲಿ. ಒಲಿಂಪಿಕ್ ಮಟ್ಟದ ದೋಣಿಪಟುಗಳೊಂದಿಗೆ ಕೆಲಸ ಮಾಡಿದ ಡ್ಯಾನಿಯಲ್ ಪ್ಲ್ಯೂಸ್ ಮತ್ತವರ ಸಹೋದ್ಯೋಗಿಗಳು ಒತ್ತಿ ಹೇಳಿದ ಮಾತು ಇದು: ಒಂದು ದಿನದ ಅಂಕಿಗಿಂತ ವಾರದ ಸರಾಸರಿಯೇ ತರಬೇತಿಯ ಪರಿಣಾಮವನ್ನು ಚೆನ್ನಾಗಿ ತೋರಿಸುತ್ತದೆ. ವಾರಕ್ಕೆ ಕನಿಷ್ಠ ಮೂರು ದಿನಗಳ ಅಳತೆಯಾದರೂ ಬೇಕೆಂದು ಅವರು ಕಂಡುಕೊಂಡರು. ಆದ್ದರಿಂದ ಒಂದು ದಿನ ಅಳೆಯಲು ಮರೆತರೆ ಕೈ ಹಿಸುಕಿಕೊಳ್ಳಬೇಕಿಲ್ಲ.

ಐದನೆಯ ಹೆಜ್ಜೆ: ಅಂಕಿಗೆ ಯಾವ ತೀರ್ಮಾನವನ್ನು ಬಿಟ್ಟುಕೊಡಬೇಕು

ಇಡೀ ವಿಷಯದ ತಿರುಳು ಇಲ್ಲಿದೆ. ಹವ್ಯಾಸಿ ಓಟಗಾರರ ವಾರದಲ್ಲಿ ನಿಜವಾದ ಕಠಿಣ ಅಭ್ಯಾಸ ಎರಡು, ಹೆಚ್ಚೆಂದರೆ ಮೂರು: ಒಂದು ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಓಡುವ ವೇಗದ ತುಣುಕುಗಳು), ಒಂದು ಟೆಂಪೊ (ಬಿಡುವಿಲ್ಲದೆ ಚುರುಕಾಗಿ ಓಡುವುದು), ಒಂದು ಲಾಂಗ್ ರನ್ (ವಾರದ ಉದ್ದನೆಯ ಓಟ). ಎಚ್‌ಆರ್‌ವಿಯನ್ನು ಕೇಳಬೇಕಾದದ್ದು ಆ ದಿನಗಳಲ್ಲಿ ಮಾತ್ರ. ನಿಧಾನದ ಓಟದ ದಿನ ಅಂಕಿ ಸ್ವಲ್ಪ ಇಳಿದಿದ್ದರೂ ಓಟ ನಿಧಾನದ್ದೇ ತಾನೆ, ಓಡಿ ಬನ್ನಿ. ಕಠಿಣ ದಿನದ ಬೆಳಿಗ್ಗೆ ಅಂಕಿ ಗಡಿಯೊಳಗಿದ್ದರೆ ಯೋಜನೆಯಂತೆ ಓಡಿ. ಒಂದು ದಿನ ಮಾತ್ರ ಗಡಿಯ ಕೆಳಗಿದ್ದು ಮೈ ಹಗುರವಾಗಿದ್ದರೆ, ಹತ್ತು ನಿಮಿಷ ವಾರ್ಮಪ್ ಮಾಡಿ, ಕಾಲು ಕೇಳಿದಂತೆ ನಡೆದುಕೊಳ್ಳಿ. ಎರಡು ದಿನ ಸತತವಾಗಿ ಕೆಳಗಿದ್ದರೆ ಅಥವಾ ಏಳು ದಿನಗಳ ಸರಾಸರಿಯೇ ಗಡಿಯಿಂದ ಕೆಳಕ್ಕೆ ಜಾರಿದ್ದರೆ ಇಂಟರ್ವಲ್ಲನ್ನು ಮುಂದೂಡಿ ನಿಧಾನದ 40 ನಿಮಿಷ ಓಡಿ. ಮುಂದೂಡಿದ ಅಭ್ಯಾಸವನ್ನು ಮಾರನೆಯ ದಿನಕ್ಕೇ ತುರುಕಬೇಡಿ. ಅಂಕಿ ಮರಳಿ ಗಡಿಯೊಳಗೆ ಬಂದ ಮೇಲೆ ಮಾಡಿದರಾಯಿತು. ಸರಾಸರಿ ಒಂದು ವಾರಕ್ಕೂ ಹೆಚ್ಚು ಕೆಳಗೇ ಉಳಿದು ಬೆಳಗಿನ ಬಡಿತವೂ ಏರಿದ್ದರೆ ಅದು ಒಂದು ಅಭ್ಯಾಸವನ್ನು ಬದಲಿಸಿದರೆ ಸರಿಹೋಗುವಂಥದ್ದಲ್ಲ, ವಾರದ ಒಟ್ಟು ಕಿಲೋಮೀಟರುಗಳನ್ನೇ ತಗ್ಗಿಸಬೇಕು.

ಏರಿದ ಅಂಕಿಯನ್ನು ಕಂಡು ಯೋಜನೆಯಲ್ಲಿಲ್ಲದ ಕಠಿಣ ಓಟವನ್ನು ಸೇರಿಸಬಾರದೆಂಬುದು ನನ್ನ ಖಂಡಿತ ಅಭಿಪ್ರಾಯ. ಭಾರಿ ತರಬೇತಿಯ ಹೊತ್ತಿನಲ್ಲಿ ಕಾಲು ಸೀಸದಂತೆ ಭಾರವಾಗಿ, ಎಷ್ಟು ಒತ್ತಿದರೂ ಬಡಿತ ಮೇಲೇರದೆ, ಬೆಳಗಿನ ಎಚ್‌ಆರ್‌ವಿ ಮಾತ್ರ ಎಂದಿಗಿಂತ ಎತ್ತರದಲ್ಲಿರುವುದೂ ಉಂಟು. ಅದೂ ದಣಿವಿನ ಇನ್ನೊಂದು ಮುಖವೇ. ಜೊತೆಗೆ, ಅಂಕಿ ಹೇಳುವುದು ನರಜಾಲದ ಸ್ಥಿತಿಯನ್ನಷ್ಟೆ. ಸ್ನಾಯು, ಸ್ನಾಯುರಜ್ಜು, ಮೂಳೆಗಳ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಮೊಳಕಾಲ ಮೂಳೆ ನೋಯುತ್ತಿರುವಾಗಲೂ ಹಸಿರು ದೀಪ ಉರಿಯುತ್ತಿರಬಹುದು.

ಆರನೆಯ ಹೆಜ್ಜೆ: ಪಕ್ಕದಲ್ಲೊಂದು ಸಾಲು

ಅಂಕಿಯ ಎದುರು ನಿತ್ಯ ಒಂದು ಸಾಲು ಬರೆಯಿರಿ: ನಿದ್ದೆ ಎಷ್ಟು ಗಂಟೆ, ರಾತ್ರಿ ಊಟ ಎಷ್ಟು ಹೊತ್ತಿಗೆ, ಮದ್ಯ ಸೇವಿಸಿದ್ದರೆ ಅದು, ಪ್ರಯಾಣ, ಮೈಕೈ ನೋವು, ಮನಸ್ಸಿನ ಸ್ಥಿತಿ. ಮಹಿಳೆಯರು ಋತುಚಕ್ರದ ದಿನವನ್ನೂ ಬರೆಯಬೇಕು, ಏಕೆಂದರೆ ಚಕ್ರದ ಎರಡನೆಯ ಅರ್ಧದಲ್ಲಿ ಎಚ್‌ಆರ್‌ವಿ ತುಸು ಕೆಳಗಿರುವುದು ಸಾಮಾನ್ಯ; ಅದನ್ನು ದಣಿವೆಂದು ಬಗೆದು ಪ್ರತಿ ತಿಂಗಳೂ ಓಟ ತಗ್ಗಿಸಿದರೆ ಸುಮ್ಮನೆ ನಷ್ಟ. ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಕುಸಿತಗಳ ಎದುರು ಬರೆದಿರುವುದು ಓಟದ ಹೆಸರಲ್ಲ, “ಹುಬ್ಬಳ್ಳಿ, ರಾತ್ರಿ ಬಸ್ಸು” ಎಂದು. ಸ್ಲೀಪರ್ ಬಸ್ಸಿನಲ್ಲಿ ಕಳೆದ ಒಂದು ರಾತ್ರಿ ಅಂಕಿಯನ್ನು ಎಳೆದಷ್ಟು ನನ್ನ 25 ಕಿಲೋಮೀಟರಿನ ಲಾಂಗ್ ರನ್ ಎಳೆದಿಲ್ಲ. ಎರಡನೆಯ ಸ್ಥಾನ ಮದುವೆ ಮನೆಯ ತಡರಾತ್ರಿಯ ಊಟಕ್ಕೆ. ಹೀಗಾಗಿ ಊರಿಂದ ಬಂದ ಮಾರನೆಯ ದಿನ ಇಂಟರ್ವಲ್ ಇಟ್ಟುಕೊಳ್ಳುವುದನ್ನೇ ಬಿಟ್ಟೆ. ಇಂದು ಅದಕ್ಕೆ ಪಟ್ಟಿ ಕಟ್ಟಿ ನೋಡುವ ಅಗತ್ಯವೂ ಇಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಉರಿಯಲ್ಲೋ ಮಂಗಳೂರಿನ ಸೆಕೆಯಲ್ಲೋ ಅಭ್ಯಾಸ ಮಾಡುವವರಿಗೆ ನೀರಿನ ಕೊರತೆ ಮತ್ತು ಬಿಸಿಲೇ ಅಂಕಿಯನ್ನು ಕೆಳಗಿಳಿಸಬಹುದು, ಅದನ್ನೂ ಗುರುತು ಹಾಕಿಕೊಳ್ಳಿ.

ಯಾರು ಇದನ್ನು ನೆಚ್ಚಬಾರದು

ಏಟ್ರಿಯಲ್ ಫಿಬ್ರಿಲೇಶನ್‌ನಂಥ ಲಯದೋಷವಿರುವವರಲ್ಲಿ ಬಡಿತಗಳು ಅಡ್ಡಾದಿಡ್ಡಿಯಾಗಿರುವುದರಿಂದ ಎಚ್‌ಆರ್‌ವಿ ಬಹಳ ಹೆಚ್ಚು ಬರುತ್ತದೆ, ಆದರೆ ಅದು ಆರೋಗ್ಯದ ಗುರುತಲ್ಲ. ಪೇಸ್‌ಮೇಕರ್ ಇರುವವರಿಗೆ ಈ ಅಳತೆ ಹೊಂದುವುದಿಲ್ಲ. ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಯ ಪ್ರಮಾಣ ಬದಲಾದರೆ ಗಡಿಗಳನ್ನು ಹೊಸದಾಗಿ ಕಟ್ಟಬೇಕು. ಪಟ್ಟಿ ಸರಿಯಿದ್ದೂ ದಿನದಿಂದ ದಿನಕ್ಕೆ ತಪ್ಪಿದ ಬಡಿತಗಳನ್ನೇ ತೋರಿಸುತ್ತಿದ್ದರೆ, ಎದೆಯಲ್ಲಿ ಡವಗುಟ್ಟುವಿಕೆ ಅಥವಾ ತಲೆಸುತ್ತು ಇದ್ದರೆ, ಆ್ಯಪ್ ಬದಲಿಸುವ ಬದಲು ವೈದ್ಯರಲ್ಲಿ ಇಸಿಜಿ ಮಾಡಿಸಿಕೊಳ್ಳಿ.

ಸ್ಪರ್ಧೆಯ ವಾರ

ಬೆಂಗಳೂರಿನ 10ಕೆಯಂಥ ಸ್ಪರ್ಧೆಗೆ ಎರಡು ವಾರವಿರುವಾಗ ಓಟದ ಪ್ರಮಾಣ ತಗ್ಗಿಸಿದರೆ ಸಾಮಾನ್ಯವಾಗಿ ಅಂಕಿ ನಿಧಾನವಾಗಿ ಮೇಲೇರುತ್ತದೆ. ಕೊನೆಯ ಎರಡು ಮೂರು ದಿನ ಅದು ಮತ್ತೆ ಕುಸಿದರೆ ಗಾಬರಿ ಬೇಡ. ಸ್ಪರ್ಧೆಯ ತವಕಕ್ಕೇ ಹಾಗಾಗುತ್ತದೆ, ಅದರಿಂದ ಓಟ ಕೆಡಬೇಕೆಂದಿಲ್ಲ. ಸ್ಪರ್ಧೆಯ ಬೆಳಿಗ್ಗೆ ನಾನು ಅಳೆಯುವುದೇ ಇಲ್ಲ. ನಾಲ್ಕು ಗಂಟೆಗೆ ಎದ್ದು ಕುರ್ಚಿಯಲ್ಲಿ ಕುಳಿತು ನೋಡುವ ಕೆಂಪು ದೀಪದಿಂದ ಅಂದು ಬದಲಾಯಿಸಬಹುದಾದದ್ದು ಏನೂ ಇರುವುದಿಲ್ಲ, ಮನಸ್ಸೊಂದು ಕುಗ್ಗುತ್ತದೆ. ಪಟ್ಟಿಯನ್ನು ಹಿಂದಿನ ರಾತ್ರಿಯೇ ಬೆವರಿನ ಉಪ್ಪು ಹೋಗುವಂತೆ ತೊಳೆದು ಒಣಗಲು ಹಾಕಿ, ಮಾರನೆಯ ದಿನದಿಂದ ಮತ್ತೆ ಅಳೆಯತೊಡಗುತ್ತೇನೆ. ಏಳು ದಿನಗಳ ಸರಾಸರಿ ಗಡಿಯೊಳಕ್ಕೆ ಮರಳಿ ಬರುವವರೆಗೆ ನಿಧಾನದ ಓಟ, ಅಷ್ಟೇ.